ಬೇಕಿದ್ದದ್ದು ರಾಜ, ಸಿಕ್ಕಿದ್ದು ದಾಯಾದಿ

ಚಿಕ್ಕಮಗಳೂರಿನಲ್ಲಿ ಈಗ ಎಂಜಲಿಗೆ ಬೆಲೆ ಬಂದಿದೆ. ಬೇರೆಯವರು ಕುಡಿದಿಟ್ಟ ಲೋಟ ಮುಟ್ಟಿದರೆ ಎರಡು ಸಲ ಕೈ ತೊಳೆಯುವ ಜನ, ತಮ್ಮ ವಂಶ ಎಷ್ಟು ಶುದ್ಧ ಅಂತ ತಿಳಿಯಲು ಪ್ಲಾಸ್ಟಿಕ್ ಕೊಳವೆಗೆ ಉಗುಳಿ ಡಿಎನ್‌ಎ ಪರೀಕ್ಷೆಗೆ ಅಂತ ಅಮೆರಿಕಕ್ಕೆ ಕಳಿಸುತ್ತಿದ್ದಾರೆ. ಸ್ನಾನ ಮಾಡಿ, ಮಡಿ ಉಟ್ಟು, ಪೂರ್ವಕ್ಕೆ ಮುಖ ಮಾಡಿ ಉಗುಳಿದವರೂ ಇದ್ದಾರಂತೆ. ನಾನು ಕಣ್ಣಾರೆ ಕಂಡಿಲ್ಲ. ಆದರೂ ನಂಬುತ್ತೇನೆ.

ಕ್ರಮ ಸುಲಭ. ಮಗಳೋ ಅಳಿಯನೋ ರಜೆಗೆ ಬರುವಾಗ ಚಾಕೊಲೇಟ್ ಜೊತೆ ಒಂದು ಡಬ್ಬಿ ತರುತ್ತಾರೆ. ಡಬ್ಬಿಯೊಳಗೆ ಕೊಳವೆ, ಕೊಳವೆ ಮೇಲೆ ಗೆರೆ. ಗೆರೆ ಮುಟ್ಟುವಷ್ಟು ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಏನೂ ಕುಡಿಯಬಾರದು. ನಮ್ಮ ಜಿಲ್ಲೆಗೆ ಕಷ್ಟ ಆಗುವುದು ಇಲ್ಲೇ. ಎದ್ದರೆ ಕಾಫಿ, ಹತ್ತು ಗಂಟೆಗೆ ಕಾಫಿ, ಯಾರಾದ್ರೂ ಬಂದರೆ ಕಾಫಿ, ಅವರು ಹೋದರೆ ಎಲೆ-ಅಡಿಕೆ. ಅರ್ಧ ಗಂಟೆ ಬಾಯಿ ಖಾಲಿ ಇರುವ ಹೊತ್ತು ಸಿಗಬೇಕಾದರೆ ಪಂಚಾಂಗ ತೆಗೆಯಬೇಕು.

ಇಷ್ಟೆಲ್ಲ ಪಾಡು ಯಾಕೆ ಅಂದ್ರೆ, ರಾಜ ಬೇಕು. ಸುಮ್ನೆ ಯಾವುದೋ ಪಾಳೆಯಗಾರ ಸಾಲದು, ಹೊಯ್ಸಳರೇ ಆಗಬೇಕು. ಅವರು ಹೊರಟದ್ದು ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರಿನಿಂದ, ಅಂದಿನ ಸೊಸೆವೂರಿನಿಂದ. ಗುರುಗಳು ‘ಹೊಯ್ ಸಳ’ ಅಂದರಂತೆ, ಸಳ ಹುಲಿ ಹೊಡೆದನಂತೆ. ಕತೆಯ ಪ್ರಕಾರ ಅವತ್ತು ಅಲ್ಲಿದ್ದದ್ದು ಗುರು, ಸಳ ಮತ್ತು ಹುಲಿ. ಇವತ್ತು ಸಳನ ಕಡೆಯವರನ್ನು ಲೆಕ್ಕ ಹಾಕಿದರೆ ತಾಲ್ಲೂಕು ಸಾಲದು. ಹುಲಿ ಕಡೆಯವರು ಅಂತ ಮಾತ್ರ ಇನ್ನೂ ಯಾರೂ ಮುಂದೆ ಬಂದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಈ ಸಂತಾನ ಇನ್ನೂ ಜಾಸ್ತಿಯಾಗಿದೆ.

ಲೆಕ್ಕ ಗೊತ್ತಿದ್ದವರು ಇಲ್ಲಿ ಸ್ವಲ್ಪ ಸುಮ್ಮನಾಗುತ್ತಾರೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ತಲೆಮಾರಿಗೆ ಮೂವತ್ತು ವರ್ಷ ಅಂದರೂ ಮೂವತ್ತು ತಲೆಮಾರು ಆಯಿತು. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ದುಪ್ಪಟ್ಟು ಮಾಡುತ್ತ ಹೋದರೆ ಮೂವತ್ತನೇ ತಲೆಮಾರಿನಲ್ಲಿ ನಿಮಗೆ 107 ಕೋಟಿ ಪೂರ್ವಜರು ಇರಬೇಕು. ಆಗ ಭೂಮಿ ಮೇಲೆ ಅಷ್ಟು ಜನವೇ ಇರಲಿಲ್ಲ. ಅಂದರೆ ಅದೇ ಜನ ಮತ್ತೆ ಮತ್ತೆ ನಿಮಗೂ ನನಗೂ ಅಜ್ಜ ಆಗಿದ್ದಾರೆ. ವಿಷ್ಣುವರ್ಧನ ನಿಮ್ಮ ಅಜ್ಜ ಇರಬಹುದು, ಬೇಡ ಅನ್ನಲ್ಲ. ಅವನ ಕುದುರೆಗೆ ಹುಲ್ಲು ಹಾಕಿದವನೂ ನಿಮ್ಮ ಅಜ್ಜನೇ. ಆದರೆ ಹುಲ್ಲು ಹಾಕಿದವನ ವಂಶಸ್ಥರು ಅಂತ ಯಾರೂ ಫ್ಲೆಕ್ಸ್ ಹಾಕಿಸಲ್ಲ.

ಇನ್ನು ಡಿಎನ್‌ಎ ಪೂರ್ವಜರ ಮರ್ಯಾದೆ ನೋಡುವ ಪೈಕಿ ಅಲ್ಲ. ಪ್ರತಿ ಹೆರಿಗೆಯಲ್ಲೂ ಅರ್ಧ ಅಲ್ಲೇ ಬಿಟ್ಟು ಬರುತ್ತದೆ. ಹತ್ತು ತಲೆಮಾರು ಹಿಂದಿನ 1024 ಜನರಲ್ಲಿ ಸುಮಾರು ಅರ್ಧ ಜನರದ್ದು ಒಂದು ಚೂರೂ ನಮ್ಮ ಮೈಯಲ್ಲಿ ಉಳಿದಿರಲ್ಲ. ಮೂವತ್ತಕ್ಕೆ ಹೋದರೆ ಕೇಳಲೇಬೇಡಿ. ಮೇಲಾಗಿ, ತಾಳೆ ನೋಡೋಣ ಅಂದರೆ ವಿಷ್ಣುವರ್ಧನನ ಎಂಜಲು ಯಾವ ಲ್ಯಾಬಿನಲ್ಲೂ ಇಲ್ಲ.

ಹಾಗಾಗಿ ವರದಿ ಬಂದಾಗ ರಾಜನ ಪಾಲು ಸೊನ್ನೆ. ‘ದಕ್ಷಿಣ ಭಾರತ’ ಅಂತ ದೊಡ್ಡ ಬಣ್ಣ ಬಳಿದ ಒಂದು ನಕ್ಷೆ, ಬೇಕಾದರೆ ಎಂದೋ ಅಳಿದುಹೋದ ನಿಯಾಂಡರ್ತಲ್ ಮಾನವನ ಪಾಲು ಶೇ 2ರ ಆಸುಪಾಸು. ದಕ್ಷಿಣ ಭಾರತದವರು ಅಂತ ತಿಳಿಯಲು ಕನ್ನಡಿ ಸಾಕಿತ್ತು ಅಲ್ವಾ? ಶುದ್ಧರಕ್ತದ ವಿಷಯವಂತೂ ಇನ್ನೂ ಬೇಜಾರಿನದು. ನಮ್ಮ ದೇಶದ ಜನ ಸುಮಾರು 4200 ವರ್ಷದಿಂದ 1900 ವರ್ಷ ಹಿಂದಿನವರೆಗೆ ಧಾರಾಳವಾಗಿ ಬೆರೆತಿದ್ದಾರೆ ಅಂತ ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು ಸೇರಿ 2013ರಲ್ಲೇ ಹೇಳಿದ್ದಾರೆ. ಆಮೇಲೆ ಜಾತಿಯೊಳಗೇ ಮದುವೆ ಅಂತ ಒಳಗಿಂದ ಚಿಲಕ ಹಾಕಿಕೊಂಡದ್ದು. ಚೆನ್ನಾಗಿ ಬೆರೆತು ಮುಗಿದ ಮೇಲೆ ನಾವು ಶುದ್ಧ ಅಂದೆವು.

ಆ ಚಿಲಕದ ಫಲ ಕಾಣುವುದು ‘ಮ್ಯಾಚ್’ ಪಟ್ಟಿಯಲ್ಲಿ. ಈ ಕಂಪನಿಗಳು ಹುಡುಕಿಕೊಡುವುದು ಸತ್ತ ರಾಜರನ್ನಲ್ಲ, ಬದುಕಿರುವ ನೆಂಟರನ್ನು. ನಿಮ್ಮಷ್ಟೇ ದುಡ್ಡು ಕೊಟ್ಟು ಉಗುಳಿದ ಬೇರೆಯವರ ಜೊತೆ ನಿಮ್ಮದನ್ನು ಹೋಲಿಸಿ, ಒಂದೇ ಇರುವ ತುಂಡುಗಳು ಒಟ್ಟು ಎಷ್ಟು ಉದ್ದ ಅಂತ ಸೆಂಟಿಮಾರ್ಗನ್ ಲೆಕ್ಕದಲ್ಲಿ ಹೇಳುತ್ತಾರೆ. ಮಾರ್ಗನ್ ಅಂದರೆ 1933ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ. ಹೆಸರು ಮಾಡಿದ್ದು ಹಣ್ಣಿನ ನೊಣ ಸಾಕಿ. ನಮ್ಮ ರಾಜವಂಶಗಳನ್ನೆಲ್ಲ ಈಗ ಅವನ ಹೆಸರಿನಲ್ಲೇ ಅಳೆಯುವುದು. ಅಪ್ಪ-ಮಕ್ಕಳ ನಡುವೆ 3400ರ ಮೇಲೆ, ಅಣ್ಣತಮ್ಮಂದಿರಿಗೆ ಸುಮಾರು 2600, ಅಣ್ಣತಮ್ಮಂದಿರ ಮಕ್ಕಳಿಗೆ 870ರ ಹತ್ತಿರ.

ಚಿಕ್ಕಪ್ಪನ ಮಗಳಿಗೂ ಸೋದರತ್ತೆ ಮಗಳಿಗೂ ಯಂತ್ರ ಒಂದೇ ನಂಬರ್ ಕೊಡುತ್ತದೆ. ಒಬ್ಬಳು ತಂಗಿ, ಇನ್ನೊಬ್ಬಳ ಮನೆಗೆ ಹೆಣ್ಣು ಕೇಳಿಕೊಂಡು ಹೋಗಬಹುದು. ಈ ಸೂಕ್ಷ್ಮ ಅದಕ್ಕೆ ತಿಳಿಯಲ್ಲ. ಸೋದರಮಾವನನ್ನೇ ಕಟ್ಟಿಕೊಂಡ ಅಜ್ಜಿಯರಿರುವ ಮನೆಯಲ್ಲಂತೂ ಯಂತ್ರಕ್ಕೆ ತಲೆ ತಿರುಗುತ್ತದೆ. ಅಲ್ಲಿ ಒಬ್ಬನೇ ಮನುಷ್ಯ ಅಪ್ಪನ ಕಡೆಯಿಂದ ಅಜ್ಜ, ಅಮ್ಮನ ಕಡೆಯಿಂದ ಮುತ್ತಜ್ಜ. ನಮ್ಮದು ವಂಶವೃಕ್ಷ ಅಲ್ಲ, ಸಿಲ್ವರ್ ಓಕ್‌ಗೆ ಸುತ್ತಿಕೊಂಡ ಕಾಳುಮೆಣಸಿನ ಬಳ್ಳಿ. ಎಲ್ಲಿ ಹಿಡಿದು ಎಳೆದರೂ ಇನ್ನೆಲ್ಲೋ ಅಲ್ಲಾಡುತ್ತದೆ. ಹೀಗಾಗಿ ಐದಾರು ತಲೆಮಾರು ದೂರದವನೂ ಹತ್ತಿರದ ನೆಂಟನ ಹಾಗೆ ಕಾಣಿಸುತ್ತಾನೆ, ನಂಬರ್ ಉಬ್ಬುತ್ತದೆ.

ಮೊದಲು ಈ ಕೆಲಸಕ್ಕೆ ಹೆಳವರು ಇದ್ದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು ಮನೆತನದ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಾಡಿ ಹೇಳಿ, ದವಸ ಕಂಬಳಿ ತಗೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಅವರಿಗೂ ಎಲ್ಲ ಗೊತ್ತಿತ್ತು ಅನ್ನುವುದು ನನ್ನ ಗುಮಾನಿ. ಆದರೆ ಯಾರ ಅಂಗಳದಲ್ಲಿ ಯಾವುದನ್ನು ಹಾಡಬೇಕು, ಯಾವುದನ್ನು ನುಂಗಬೇಕು ಅನ್ನುವುದೂ ಗೊತ್ತಿತ್ತು. ಯಂತ್ರಕ್ಕೆ ದವಸ ಕೊಟ್ಟು ಬಾಯಿ ಮುಚ್ಚಿಸಲು ಬರಲ್ಲ.

ನಮ್ಮ ಕಡೆಯ ಒಬ್ಬ ಸಾಹುಕಾರರ ಕತೆ ಕೇಳಿ. ಹೆಸರು ಬೇಡ. ಮೂಡಿಗೆರೆ ರಸ್ತೆಯ ಯಾವ ತೋಟದ ಗೇಟಲ್ಲಿ ನಿಂತು ಕೇಳಿದರೂ ಪಕ್ಕದ ತೋಟ ತೋರಿಸುತ್ತಾರೆ. ಇವರು ಹೊಸದಾಗಿ ಹೋಂಸ್ಟೇ ಕಟ್ಟಿಸಿದ್ದರು. ಸುತ್ತ ಹತ್ತಾರು ಹೋಂಸ್ಟೇ ಇರುವಾಗ ತಮ್ಮದರ ಬೋರ್ಡಿಗೆ ಏನಾದರೂ ಬೇಕಲ್ಲ, ‘ರಾಜವಂಶಸ್ಥರ ಮನೆ’ ಅಂತ ಹಾಕುವ ಆಸೆ. ಮಗಳು ಡಬ್ಬಿ ತಂದಳು. ಸಾಹುಕಾರರಿಗೆ ಬಾಯಿ ಒಣಗುವ ಚಾಳಿ. ಕೊಳವೆ ಹಿಡಿದು ಎಷ್ಟು ಹೊತ್ತು ಕೂತರೂ ಬರೀ ನೊರೆ. ಕೊನೆಗೆ ಹೆಂಡತಿ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ತೆರೆದು ಅವರ ಮೂಗಿನ ಮುಂದೆ ಹಿಡಿದರು. ಗೆರೆ ದಾಟಿತು. ಆ ಖುಷಿಗೆ ಸಾಹುಕಾರರು ಒಂದು ದೊಡ್ಡ ಲೋಟ ಕಾಫಿ ಕುಡಿದರು, ಸಕ್ಕರೆ ಇಲ್ಲದ್ದು.

ವಾರಗಳಾದ ಮೇಲೆ ಪಟ್ಟಿ ಬಂತು. ಮೊದಲ ಹೆಸರು ಮಗಳದ್ದು. ಎರಡನೆಯದು ಚಿಕ್ಕಪ್ಪನ ಮಗನದ್ದು, ಬೇಲಿ ಜಗಳದಲ್ಲಿ ಇವರ ಮೇಲೆ ಕೇಸ್ ಹಾಕಿದವನು. ಕೋರ್ಟಿನಲ್ಲಿ ಎದುರುಬದುರು ಕೂರುವವನ ಜೊತೆ ಇಷ್ಟೊಂದು ಸೆಂಟಿಮಾರ್ಗನ್ ಹಂಚಿಕೊಂಡದ್ದೇ ಸಾಹುಕಾರರಿಗೆ ಸರಿಬರಲಿಲ್ಲ. ಮೂರನೆಯದು ಯಾರೋ ಟೆಕ್ಸಾಸ್‌ನ ಎಂಜಿನಿಯರ್, ಐವತ್ತು ದಾಟಿದವರು. 441 ಸೆಂಟಿಮಾರ್ಗನ್. ತಾಯಿ ಹುಟ್ಟಿದ ಜಾಗ ಅಂತ ಬರೆದಲ್ಲಿ ಇವರದೇ ತೋಟದ ಹೆಸರು.

ತೋಟದ ಹೆಸರು ಸರಿ. ಆದರೆ ಬಂಗಲೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಲೆಕ್ಕಕ್ಕೆ ಸಿಗುತ್ತಾರೆ. ಉಳಿದದ್ದು ಲೈನ್ ಮನೆ, ತೋಟದ ಆಳುಗಳ ಸಾಲುಮನೆ.

441ಕ್ಕೆ ಯಂತ್ರ ನಾಲ್ಕೈದು ಸಂಬಂಧ ಸೂಚಿಸಿತ್ತು. ಮಗಳು ಒಂದೊಂದನ್ನೇ ಹೊಡೆದು ಹಾಕಿ ಫೋನಿನಲ್ಲಿ ಹೇಳಿದಳು, ‘ಅಪ್ಪಾ, ನಿಮ್ಮಿಬ್ಬರಿಗೂ ತಾತ ಒಬ್ಬರೇ. ಅಜ್ಜಿ ಬೇರೆ ಬೇರೆ.’ ಹಾಲ್‌ನಲ್ಲಿ ಗಂಧದ ಹಾರ ಹಾಕಿದ ತಾತನ ಫೋಟೊ, ಕೈಯಲ್ಲಿ ಕೋವಿ, ತುದಿ ತಿರುವಿದ ಮೀಸೆ. ಸಾಹುಕಾರರು ಅದರ ಕೆಳಗೇ ಕೂತಿದ್ದರು.

ಯಂತ್ರ ತಪ್ಪು ಅಂದರು. ಇನ್ನೊಂದು ಕಂಪನಿಗೆ ಉಗುಳಿದರು, ಮತ್ತೆ ಉಪ್ಪಿನಕಾಯಿ. ಅಲ್ಲೂ ಅದೇ ಎಂಜಿನಿಯರ್, ಈ ಸಲ 438. ಆಮೇಲೆ ಯಾರೋ ಅವರಿಗೆ ಉಬ್ಬಿದ ನಂಬರಿನ ವಿಷಯ ಹೇಳಿಕೊಟ್ಟರು. ಸಾಹುಕಾರರಿಗೆ ಜೀವ ಬಂತು. ‘ನಮ್ಮಲ್ಲಿ ಒಳಗೊಳಗೇ ಮದುವೆ ಅಲ್ವಾ, ಅದಕ್ಕೇ ಹಾಗೆ ಕಾಣುತ್ತೆ’ ಅಂತ ಸಿಕ್ಕಿದವರಿಗೆಲ್ಲ ವಿವರಿಸಿದರು. ಮಗಳು ಅದಕ್ಕೂ ಕೊಕ್ಕೆ ಹಾಕಿದಳು. ಒಳಗೊಳಗೇ ಮದುವೆಯಿಂದ ಉಬ್ಬಿದರೆ ತುಂಡುಗಳು ಸಣ್ಣಸಣ್ಣ, ಸಂಖ್ಯೆ ಜಾಸ್ತಿ ಇರುತ್ತವೆ. ಇಲ್ಲಿ ಒಂದೇ ತುಂಡು 82 ಸೆಂಟಿಮಾರ್ಗನ್ ಇದೆ. ಮತ್ತೆ, ಆ ನೆಪ ಹೇಳಬೇಕಾದರೆ ಲೈನ್ ಮನೆಯವರನ್ನು ‘ನಮ್ಮೋರು’ ಅನ್ನಬೇಕು. ನಮ್ಮೋರು ಅಂದರೆ ನಂಬರ್ ಉಬ್ಬಿದ್ದು. ಅಲ್ಲ ಅಂದರೆ ತಾತ. ಸಾಹುಕಾರರು ತಾತನನ್ನೇ ಬಿಟ್ಟುಕೊಟ್ಟರು. ಜಾತಿ ಬಿಡಲಿಲ್ಲ.

ಇದೆಲ್ಲ ನಡೆಯುವಾಗ ಅಡುಗೆಯ ಮುದುಕಮ್ಮ ಕಾಯಿ ತುರಿಯುತ್ತಿದ್ದರು. ‘ಅಯ್ಯೋ ಅದಾ? ದೊಡ್ಡ ಸಾವ್ಕಾರ್ರ ಮೂಗು ಆ ಹುಡುಗಿಗೆ ಹಾಗೇ ಬಂದಿತ್ತಲ್ಲ. ಕಣದಲ್ಲಿ ಎಲ್ಲರೂ ಆಡ್ಕೊಳ್ಳೋರು’ ಅಂದರು. ಎರಡು ಕಂಪನಿಗೆ ದುಡ್ಡು ಸುರಿದು ತರಿಸಿಕೊಂಡ ಸುದ್ದಿ ಕಾಫಿ ಕಣದಲ್ಲಿ ಎಷ್ಟೋ ವರ್ಷದಿಂದ ಬಿಟ್ಟಿ ಸಿಗುತ್ತಿತ್ತು.

ತಮಾಷೆ ಅಂದ್ರೆ, ಗಿಡದ ವಿಷಯದಲ್ಲಿ ಇದೇ ಸಾಹುಕಾರರು ಬಹಳ ಉದಾರಿ. ಅವರ ಹೆಮ್ಮೆ ಎಸ್ 795 ಅನ್ನುವ ಕಾಫಿ ತಳಿ. ಹೋಂಸ್ಟೇಗೆ ಬಂದವರನ್ನೆಲ್ಲ ತೋಟಕ್ಕೆ ಕರೆದುಕೊಂಡು ಹೋಗಿ ಅದರ ಜಾತಕ ಹೇಳುತ್ತಾರೆ. ಒಂದು ಕಡೆ ಕೆಂಟ್, ಇನ್ನೊಂದು ಕಡೆ ಎಸ್ 288, ಅದರ ಹಿಂದೆ ಅರೇಬಿಕಾ ತೋಟಕ್ಕೆ ನುಗ್ಗಿದ ಲೈಬೀರಿಕಾ. ಆ ಅರೇಬಿಕಾ-ಲೈಬೀರಿಕಾಗೆ ಯಾರೂ ಮದುವೆ ಮಾಡಿಸಲಿಲ್ಲ, ತಾವಾಗೇ ಸೇರಿದ್ದು. ‘ಆ ಬೆರಕೆ ಆಗದಿದ್ರೆ ತುಕ್ಕು ರೋಗ ತಡೆಯೋ ಶಕ್ತಿ ಎಲ್ಲಿಂದ ಬರ್ತಿತ್ತು ಹೇಳಿ’ ಅಂತ ಗಿಡ ನೇವರಿಸುತ್ತಾರೆ.

ಮನೆಯ ಜಾತಕ ಮಾತ್ರ ನಾಡಕಚೇರಿಯಲ್ಲಿದೆ. ಪೌತಿ ಖಾತೆಗೆ ಅಂತ ಹಿಂದೆ ಮಾಡಿಸಿದ ವಂಶವೃಕ್ಷ, ಅಫಿಡವಿಟ್, ಮಹಜರು, ಸಾಕ್ಷಿಗಳ ಸಹಿ ಎಲ್ಲ ಇರುವಂಥದ್ದು. ಅದರಲ್ಲಿ ಗಂಡುಮಕ್ಕಳು ಸಾಲಾಗಿ ನಿಂತಿದ್ದಾರೆ. ಸಾಹುಕಾರರ ಸ್ವಂತ ಅಕ್ಕಂದಿರಿಬ್ಬರು ಹುಟ್ಟಲೇ ಇಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದಿದ ಮೇಲೆ ಅವರು ಹಠಾತ್ತನೆ ಹುಟ್ಟಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮ ತಗೊಂಡು ಮತ್ತೆ ಮಾಯವಾದರು. ಡಿಎನ್‌ಎಗೆ ಈ ಶಿಸ್ತು ಇಲ್ಲ. ಹೆಣ್ಣಿಗೂ ಗಂಡಿಗೂ ಅರ್ಧರ್ಧ ಕೊಟ್ಟುಬಿಡುತ್ತದೆ, ತಹಶೀಲ್ದಾರರನ್ನೂ ಕೇಳಲ್ಲ.

ಮನೆಯಲ್ಲಿ ಸಭೆ ಸೇರಿತು. ಹೆಸರು ಅಳಿಸಿ ಅಂತ ಕಂಪನಿಗೆ ಬರೆಯೋಣ ಅಂದರು. ಅಳಿಸಿದರೂ ಇವರ ಹೆಸರು ತಾನೇ ಹೋಗುವುದು, ಚಿಕ್ಕಪ್ಪನ ಮಗ ಅಲ್ಲೇ ಕೂತಿರುತ್ತಾನಲ್ಲ. ಮನೆಯಲ್ಲಿ ಒಬ್ಬ ಉಗುಳಿದರೆ ಎಲ್ಲರೂ ಉಗುಳಿದ ಹಾಗೆ. ಕ್ಯಾಲಿಫೋರ್ನಿಯಾದ ಒಬ್ಬ ಹಳೇ ಸರಣಿ ಕೊಲೆಗಾರ 2018ರಲ್ಲಿ ಸಿಕ್ಕಿಬಿದ್ದದ್ದು ಹೀಗೇ. ಅವನು ಕೊಳವೆಗೆ ಉಗುಳಿರಲಿಲ್ಲ, ದೂರದ ನೆಂಟರು ಉಗುಳಿದ್ದರು. ಈ ಉದಾಹರಣೆ ಹೇಳಿದ ಅಳಿಯನನ್ನು ಆಮೇಲೆ ಸಭೆಗೆ ಕರೆಯಲಿಲ್ಲ. ಕಂಪನಿಗಳ ಕತೆಯೂ ಅಷ್ಟಕ್ಕಷ್ಟೆ. 2006ರಲ್ಲಿ ಶುರುವಾದ 23ಆ್ಯಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಊರವರ ವಂಶ ಹುಡುಕಿಕೊಟ್ಟವರಿಗೆ ಕೊನೆಗೆ ತಮ್ಮ ವಾರಸುದಾರರನ್ನು ಹುಡುಕುವ ಕೆಲಸ ಬಂತು.

ಅಷ್ಟರಲ್ಲಿ ಟೆಕ್ಸಾಸ್‌ನಿಂದಲೇ ಒಂದು ಸಂದೇಶ ಬಂತು, ಒಳ್ಳೆ ಕನ್ನಡದಲ್ಲಿ. ‘ನಮಸ್ಕಾರ ಸಾರ್. ತಪ್ಪು ತಿಳಿಯಬೇಡಿ, ಆಸ್ತಿ ವಿಷಯಕ್ಕಲ್ಲ. ನನಗೆ ಸಕ್ಕರೆ ಕಾಯಿಲೆ ಬಂದಿದೆ. ತಾಯಿಯ ತಂದೆ ಕಡೆ ಯಾರಿಗಾದರೂ ಇತ್ತಾ, ಯಾವ ವಯಸ್ಸಿಗೆ ಬಂತು ಅಂತ ಡಾಕ್ಟರ್ ಕೇಳುತ್ತಿದ್ದಾರೆ. ಅಮ್ಮ ಕೊನೆಯವರೆಗೂ ಏನೂ ಹೇಳಲಿಲ್ಲ. ದಯವಿಟ್ಟು ತಿಳಿಸಿ.’

ಆಸ್ತಿಗಲ್ಲ ಅಂದವನೇ ಆಸ್ತಿಗೆ ಬರುವವನು ಅಂತ ಸಭೆ ತೀರ್ಮಾನಿಸಿತು. ಬೇಲಿ ಕೇಸಿನ ವಕೀಲರನ್ನೇ ಕರೆಸಿದರು. ವಕೀಲರು ಮೂರು ಪುಟದ ಉತ್ತರ ಬರೆದರು. ನಮ್ಮ ಕಕ್ಷಿದಾರರ ವಂಶದಲ್ಲಿ ಯಾರಿಗೂ, ಯಾವ ಕಾಲದಲ್ಲೂ, ಯಾವುದೇ ವಿಧವಾದ ಸಕ್ಕರೆ ಕಾಯಿಲೆ ಇದ್ದಿರುವುದಿಲ್ಲ, ಈಗಲೂ ಇರುವುದಿಲ್ಲ, ಮುಂದೆ ಬಂದಲ್ಲಿ ಅದಕ್ಕೂ ತಮಗೂ ಯಾವುದೇ ಸಂಬಂಧ ಇರತಕ್ಕದ್ದಲ್ಲ. ಸಾಹುಕಾರರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ತಲೆಯಾಡಿಸಿದರು. ಊಟಕ್ಕೆ ಮೊದಲಿನ ಮಾತ್ರೆಯ ಹೊತ್ತಾಗಿತ್ತು. ನುಂಗಿ, ನೀರು ಕುಡಿದು, ಸಹಿ ಹಾಕಿದರು.