ಹುಡುಗಿಯರ ಟೀಮ್ ಮುಚ್ಚಿಲ್ಲ

ತುಮಕೂರಿನ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮ್ ಮುಚ್ಚಿತು, ತುಮಕೂರು ವಿಶ್ವವಿದ್ಯಾಲಯ ಬರುವ ಮುಂಚೆ ಅದು ಇರಲೇ ಇಲ್ಲ, ಹೆಂಗಸರು ಈ ಆಟ ಶುರು ಮಾಡಿದ್ದೇ 1976ರಲ್ಲಿ ಅಂತ. ಮೂರೂ ತಪ್ಪು.

1976 ಅಂದರೆ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಮಹಿಳಾ ಬಾಸ್ಕೆಟ್‌ಬಾಲ್ ಸೇರಿದ ವರ್ಷ, ಅಷ್ಟೇ. ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದಲ್ಲಿ. ಮರುವರ್ಷವೇ ಅಲ್ಲಿನ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಶಿಕ್ಷಕಿ ಸೆಂಡಾ ಬೆರೆನ್ಸನ್ ಹುಡುಗಿಯರಿಗೆ ಕಲಿಸಿದರು. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಹುಡುಗಿಯರು ಎದುರುಬದುರಾಗಿ ಆಡಿದರು. ಸ್ಟ್ಯಾನ್‌ಫರ್ಡ್ ಗೆದ್ದಿತು, ಸ್ಕೋರ್ 2-1! ಗಂಡಸರಿಗೆ ಒಳಗೆ ಪ್ರವೇಶವೇ ಇರಲಿಲ್ಲ.

ನಮ್ಮ ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಮ್ಮ ಹಳೆ ಸರ್ಟಿಫಿಕೇಟ್‌ಗಳಲ್ಲಿ ಇರುವುದು ಆ ಹೆಸರೇ. ಬೀರು ತೆಗೆದು ನೋಡಿ. ಹೆಸರು ಬದಲಾಯಿತು, ಟೀಮ್ ಅಲ್ಲ.

ಮುಚ್ಚಿದ ಮಾತು ಎಲ್ಲಿಂದ ಬಂತೋ! ಈ ವರ್ಷ ಏಳೇ ಹುಡುಗಿಯರಿದ್ದಾರೆ, ನಿಜ. ಆದರೆ ಅಂಕಣಕ್ಕೆ ಇಳಿಯಲು ಐದು ಜನ ಸಾಕು, ಅಲ್ವಾ? ಅದೂ ಕಷ್ಟವಾದರೆ 3x3 ಇದೆ. ಅರ್ಧ ಅಂಕಣ, ಒಂದೇ ಬಾಸ್ಕೆಟ್, ಮೂವರು ಆಟಗಾರ್ತಿಯರು, ಬದಲಿಯಾಗಿ ಹೊರಗೆ ಒಬ್ಬರು. ಟೋಕಿಯೊದಿಂದ ಅದು ಒಲಿಂಪಿಕ್ಸ್‌ನಲ್ಲೂ ಇದೆ. ಸಣ್ಣ ಕಾಲೇಜಿಗೆ ಹೇಳಿ ಮಾಡಿಸಿದ ಆಟ.

ಕೊರತೆ ಇರುವುದು ಚೆಂಡಿನದು. ಪಾಪ, ಹುಡುಗರ 7ನೇ ಸೈಜಿನಲ್ಲೇ ಅಭ್ಯಾಸ ಮಾಡುತ್ತಿದ್ದಾರೆ. ಮಹಿಳೆಯರದು ಸ್ವಲ್ಪ ಚಿಕ್ಕದು, 6ನೇ ಸೈಜು. ಸುಮ್ನೆ ಮೆಸೇಜ್ ಫಾರ್ವರ್ಡ್ ಮಾಡುವವರು ಒಂದೆರಡು ಚೆಂಡು ಕೊಡಿಸಿ.