ಸಿಂಹಗಡದ ಭಾಕರಿ, ಬನಶಂಕರಿಯ ರೊಟ್ಟಿ

ಭಾನುವಾರ ಬೆಳಗಿನ ಜಾವ ಪುಣೆಯ ಸಿಂಹಗಡ ಕೋಟೆಯ ಕಾಲುದಾರಿ ನೋಡಬೇಕು. ಎಪ್ಪತ್ತು ದಾಟಿದ ಅಜ್ಜಂದಿರು, ಕಾಲೇಜು ಹುಡುಗಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ಏದುಸಿರು ಬಿಡುತ್ತಾ ಹತ್ತುತ್ತಿರುತ್ತಾರೆ. ಮೇಲೆ ಹೋದರೆ ಸುತ್ತಲಿನ ಹಳ್ಳಿಯವರು ಮಾಡಿಕೊಡುವ ಪಿಠಲಾ-ಭಾಕರಿ (ಕಡಲೆಹಿಟ್ಟಿನ ಜುಣಕ, ರೊಟ್ಟಿ), ಕಾಂದಾ ಭಜಿ (ಈರುಳ್ಳಿ ಬಜ್ಜಿ), ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು. ನಾನು ಬಾದಾಮಿ ಕಡೆಯವನು, ಈಗಿರುವುದು ಪುಣೆಯಲ್ಲಿ. ಇದನ್ನು ಕಂಡಾಗೆಲ್ಲ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸುವ ನಮ್ಮ ಅಕ್ಕಂದಿರು ನೆನಪಾಗುತ್ತಾರೆ. ಊಟ ಹೆಚ್ಚುಕಡಿಮೆ ಒಂದೇ. ಬಂದವರು ಊರಿನಲ್ಲಿ ಎಷ್ಟು ಹೊತ್ತು ಇರುತ್ತಾರೆ, ಯಾರ ಕೈಗೆ ದುಡ್ಡು ಕೊಟ್ಟು ಹೋಗುತ್ತಾರೆ ಅನ್ನೋದು ಮಾತ್ರ ಬೇರೆ.

ರಾಜಗಡಕ್ಕೆ ಹೊರಟವರು ಬುಡದ ಗುಂಜವಣೆಯಲ್ಲಿ ಯಾರದೋ ಮನೆಗೆ ಮೊದಲೇ ಫೋನ್ ಮಾಡಿ ಊಟಕ್ಕೆ ಹೇಳಿರುತ್ತಾರೆ. ಅಲ್ಲೇ ಮಲಗಿ ಬೆಳಿಗ್ಗೆ ಕೋಟೆ ಹತ್ತುವವರೂ ಇದ್ದಾರೆ. ಕೋಟೆಯ ಮೇಲೆ ಹೂಳು ತುಂಬಿದ ಕಲ್ಲಿನ ನೀರಿನ ಟಾಕಿಗಳನ್ನು ರಜೆಯ ದಿನ ಹೋಗಿ ಸ್ವಚ್ಛ ಮಾಡುವ ತರುಣರ ಗುಂಪುಗಳಿವೆ. 2025ರಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೊ ಪಟ್ಟಿಗೆ ಸೇರಿದವು, ರಾಜಗಡವೂ ಅದರಲ್ಲಿದೆ. ಪಟ್ಟಿ ಬರುವ ಎಷ್ಟೋ ವರ್ಷ ಮೊದಲೇ ಈ ಅಭ್ಯಾಸ ಇಲ್ಲಿ ಬೇರುಬಿಟ್ಟಿತ್ತು.

ನಮ್ಮ ಪಟ್ಟದಕಲ್ಲು 1987ರಲ್ಲೇ ಆ ಪಟ್ಟಿ ಸೇರಿದೆ. ಆದರೂ ಏನಾಗುತ್ತಿದೆ? ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಬೆಳಿಗ್ಗೆ ಟಿಟಿ (ಟೆಂಪೊ ಟ್ರಾವೆಲರ್) ಗಾಡಿ ಬರುತ್ತದೆ. ಬಾದಾಮಿ ಗುಹೆ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಸಂಜೆಯೊಳಗೆ ಮುಗಿಸಿ ಅದೇ ಗಾಡಿ ವಾಪಸ್. ಟಿಕೆಟ್ಟು, ಗೈಡು, ಎರಡು ನೀರಿನ ಬಾಟಲಿ, ಇಷ್ಟೇ ಖರ್ಚು. ಪುಣೆಯ ಅಂಗಡಿಗಳಲ್ಲಿ ಖಣ ಎಂಬ ಮಗ್ಗದ ಬಟ್ಟೆಯ ಸೀರೆ, ಕುಪ್ಪಸ ಎಷ್ಟು ಮಾರಾಟವಾಗುತ್ತದೆ ಗೊತ್ತಾ? ಇಲ್ಲಿನ ಮದುವೆಮನೆಗೆ ಅದು ಬೇಕೇ ಬೇಕು. ಆ ಖಣಕ್ಕೆ ಹೆಸರಾದ ಗುಳೇದಗುಡ್ಡ ಬಾದಾಮಿಯಿಂದ 20 ಕಿಲೋಮೀಟರ್ ಆಸುಪಾಸು, ಆದರೆ ಗುಹೆ ನೋಡಲು ಬಂದವರನ್ನು ಮಗ್ಗದ ಮನೆಗೆ ಕರೆದುಕೊಂಡು ಹೋಗುವವರು ಯಾರೂ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನೊಂದು ಮಾತು. ನಮ್ಮಲ್ಲಿ ಸ್ಮಾರಕ ಉಳಿಸಬೇಕು ಅಂದ ಕೂಡಲೇ ಅಕ್ಕಪಕ್ಕದ ಜನರನ್ನು ಎಬ್ಬಿಸುವ ಮಾತು ಬರುತ್ತದೆ. ಹಂಪಿಯಲ್ಲಿ 2011ರಲ್ಲಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಕಲ್ಲು ಉಳಿಯಬೇಕು ಸರಿ, ಆದರೆ ಅಲ್ಲಿದ್ದವರು ಬೇರೆ ನೆಲೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಐಹೊಳೆಯಲ್ಲೂ ಸ್ಥಳಾಂತರದ ಮಾತು ಹಳೆಯದು. ಗುಡಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗಿಂತ ಒಳ್ಳೆಯ ಕಾವಲುಗಾರರು ಎಲ್ಲಿ ಸಿಗುತ್ತಾರೆ?

ಪುಣೆಯಲ್ಲಿ ಎಲ್ಲ ಸರಿಯಿದೆ ಅಂತ ಅಲ್ಲ. ಮಳೆಗಾಲದ ಶನಿವಾರ-ಭಾನುವಾರ ಸಿಂಹಗಡದ ಘಾಟ್‌ನಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಪ್ಲಾಸ್ಟಿಕ್ ಕಾಟ ಇದ್ದೇ ಇದೆ. 2022ರ ಮೇ ತಿಂಗಳಲ್ಲಿ ಖಾಸಗಿ ಗಾಡಿ ತಡೆದು ಎಲೆಕ್ಟ್ರಿಕ್ ಬಸ್ ಬಿಟ್ಟರು, ಕೆಲವೇ ವಾರದಲ್ಲಿ ನಿಲ್ಲಿಸಿದರು. ಕಡಿದಾದ ದಾರಿ, ಜನ ಜಾಸ್ತಿ, ಬಸ್ಸು ಸಾಲಲಿಲ್ಲ. ಆದರೆ ಬಾದಾಮಿ-ಪಟ್ಟದಕಲ್ಲು-ಐಹೊಳೆ ದಾರಿಯಲ್ಲಿ ಅಂಥ ಘಾಟ್ ಇಲ್ಲ, ಅಷ್ಟು ಜನಜಂಗುಳಿಯೂ ಇಲ್ಲ. ಒಂದೇ ಟಿಕೆಟ್ಟಿನಲ್ಲಿ ದಿನವಿಡೀ ಹತ್ತಿ ಇಳಿಯುವ ಬಸ್ಸು, ಗುಳೇದಗುಡ್ಡವನ್ನೂ ಸೇರಿಸಿ, ಅಲ್ಲಿ ಚೆನ್ನಾಗಿ ನಡೆಯುತ್ತದೆ ಅಂತ ನನ್ನ ನಂಬಿಕೆ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಇಲ್ಲಿನ ಎಷ್ಟೋ ಮನೆಗಳಿಗೆ ಬನಶಂಕರಿ ಕುಲದೇವತೆ. ಮುಂಬೈ-ಪುಣೆಯಿಂದ ಸೊಲ್ಲಾಪುರ, ವಿಜಯಪುರದ ಮೇಲೆ ನೇರ ರೈಲೂ ಇದೆ. ದರ್ಶನ ಮುಗಿಸಿ ಅದೇ ದಿನ ಹೊರಡುವವರನ್ನು ಒಂದು ರಾತ್ರಿ ನಿಲ್ಲಿಸಿಕೊಳ್ಳೋಣ. ರಾತ್ರಿ ಜಾತ್ರೆಯ ಕಂಪನಿ ನಾಟಕ ನೋಡಲಿ, ಬೆಳಿಗ್ಗೆ ಮಗ್ಗ ನೋಡಿ ನೇಕಾರರ ಕೈಯಿಂದಲೇ ಖಣ ಕೊಳ್ಳಲಿ. ಇದಕ್ಕೆ ರೆಸಾರ್ಟ್ ಬೇಡ. ಊರವರ ಮನೆಯಲ್ಲಿ ಒಂದು ಕೋಣೆ, ಸ್ವಚ್ಛ ಶೌಚಾಲಯ ಸಾಕು. ಅಂಥ ಮನೆಗಳ ಪಟ್ಟಿಯನ್ನು ಪಂಚಾಯಿತಿಯವರೋ ಮಹಿಳಾ ಸಂಘದವರೋ ಮಾಡಿ ಬಾದಾಮಿ ಸ್ಟೇಷನ್ನಿನಲ್ಲಿ ಹಾಕಲಿ, ಪುಣೆಯಿಂದ ಜನರನ್ನು ಕಳಿಸುವ ಕೆಲಸ ಇಲ್ಲಿರುವ ಕನ್ನಡಿಗರು ನಾವು ಮಾಡುತ್ತೇವೆ.