ಯಂತ್ರಕ್ಕೆ ಅನುದಾನವಿದೆ, ಅದನ್ನು ನಡೆಸುವವನಿಗೆ ಇಲ್ಲ

ಕಳೆದ ವರ್ಷ ಆಟಿ ತಿಂಗಳಲ್ಲಿ ಉಡುಪಿಯ ಮನೆಗೆ ಬಂದಿದ್ದಾಗ, ಮಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯನೊಬ್ಬ ತನ್ನ ವಿಭಾಗದ ಪ್ರಯೋಗಾಲಯವನ್ನು ತೋರಿಸಿದ. ಕೇಂದ್ರದ ಅನುದಾನದಲ್ಲಿ ಬಂದಿದ್ದ ಹರಳುಗಳ ಒಳರಚನೆ ತಿಳಿಸುವ ಎಕ್ಸ್-ರೇ ಡಿಫ್ರಾಕ್ಟೋಮೀಟರಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಅದನ್ನು ತಂಪಾಗಿಡುವ ಚಿಲ್ಲರ್ ಕೆಟ್ಟಿತ್ತು, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮುಗಿದು ಎರಡು ವರ್ಷವಾಗಿತ್ತು, ಯಂತ್ರವನ್ನು ನಡೆಸಲು ಕಲಿತಿದ್ದ ಹುಡುಗ ಬೆಂಗಳೂರಿನ ಕಂಪನಿಗೆ ಹೊರಟುಹೋಗಿದ್ದ. ವಿದ್ಯಾರ್ಥಿಗಳ ಸ್ಯಾಂಪಲ್‌ಗಳು ಕೊರಿಯರಿನಲ್ಲಿ ಕೊಚ್ಚಿಗೆ ಹೋಗುತ್ತಿದ್ದವು.

ನಾನು ಕೆಲಸ ಮಾಡುವ ಜರ್ಮನಿಯಲ್ಲಿ, ಸಂಶೋಧನೆಗೆಂದು 2 ಲಕ್ಷ ಯೂರೋ ಮೀರಿದ ಉಪಕರಣವನ್ನು ಕೊಳ್ಳಬಯಸುವ ವಿಶ್ವವಿದ್ಯಾಲಯವು ಅಲ್ಲಿನ ಸಂವಿಧಾನದ 91ಬಿ ವಿಧಿಯ ಅಡಿಯಲ್ಲಿ ಸಂಶೋಧನೆಗೆ ಹಣ ಕೊಡುವ ಡಿಎಫ್‌ಜಿ ಸಂಸ್ಥೆಗೆ ಅರ್ಜಿ ಹಾಕಬಹುದು. ಒಪ್ಪಿಗೆಯಾದರೆ ಅರ್ಧ ಹಣವನ್ನು ಡಿಎಫ್‌ಜಿಯೂ ಉಳಿದರ್ಧವನ್ನು ರಾಜ್ಯದ ಕಡೆಯವರೂ ಕೊಡುತ್ತಾರೆ. ನನಗೆ ಮುಖ್ಯವೆನಿಸುವುದು ಈ ಪಾಲುಗಾರಿಕೆಗಿಂತ, ಯಂತ್ರ ಬಂದ ಮೇಲಿನ ಖರ್ಚನ್ನು ಯಾರು ಹೊರುತ್ತಾರೆ, ಯಾರು ನಡೆಸುತ್ತಾರೆ ಎಂಬುದನ್ನು ವಿಶ್ವವಿದ್ಯಾಲಯ ಮೊದಲೇ ಬರೆದುಕೊಡಬೇಕಾಗುವ ರೀತಿ. ಕಾಗದಪತ್ರದ ಕಾಟ ಅಲ್ಲೂ ಇದೆ; ಗೊಣಗುವುದರಲ್ಲಿ ಅಲ್ಲಿಯ ಪ್ರೊಫೆಸರರು ನಮ್ಮವರಿಗೆ ಸೋಲುವವರಲ್ಲ. ಆದರೆ ಅಲ್ಲಿ ನಾನಿರುವ ಕಡೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನೋಡಿಕೊಳ್ಳುವ ತಂತ್ರಜ್ಞ ಕಾಯಂ ನೌಕರ. ಪಿಎಚ್.ಡಿ. ವಿದ್ಯಾರ್ಥಿಗಳು ಬಂದು ಹೋಗುತ್ತಾರೆ, ಆತ ಅಲ್ಲೇ ಇರುತ್ತಾನೆ.

ನಮ್ಮಲ್ಲಿ ಕೊಡುವ ಕೈ ಇಲ್ಲವೆಂದಲ್ಲ. 2000ದಲ್ಲಿ ಆರಂಭವಾದ ವಿಜ್ಞಾನ ವಿಭಾಗಗಳ ಸೌಲಭ್ಯಕ್ಕೆ ಹಣ ಕೊಡುವ ಕೇಂದ್ರದ ಫಿಸ್ಟ್ ಯೋಜನೆಯಿಂದ ದೇಶದ ಎಷ್ಟೋ ವಿಭಾಗಗಳು ಉಪಕರಣ ಕಂಡಿವೆ. ಆದರೆ ಆ ಯೋಜನೆಯ ಅವಧಿ ಐದು ವರ್ಷ. ಚೆನ್ನಾಗಿ ನೋಡಿಕೊಂಡರೆ ಯಂತ್ರದ ಆಯುಷ್ಯ ಹದಿನೈದು. ನಡುವಿನ ಹತ್ತು ವರ್ಷದ ಹೊಣೆ ಸಂಬಳಕ್ಕೇ ತಿಣುಕುವ ರಾಜ್ಯ ವಿಶ್ವವಿದ್ಯಾಲಯದ ತಲೆಗೆ ಬರುತ್ತದೆ. 2025ರ ಜೂನ್‌ನಲ್ಲಿ ಕೇಂದ್ರವು ಸಂಶೋಧನಾ ಖರೀದಿಯ ನಿಯಮ ಸಡಿಲಿಸಿ, ಕೊಟೇಶನ್ ಇಲ್ಲದೆ ಕೊಳ್ಳಬಹುದಾದ ಮೊತ್ತವನ್ನು 1 ಲಕ್ಷ ರೂಪಾಯಿಯಿಂದ 2 ಲಕ್ಷಕ್ಕೆ ಏರಿಸಿದ್ದು ಒಳ್ಳೆಯದೇ, ಆದರೆ ಅದೂ ಕೊಳ್ಳುವ ಮಾತೇ. ಉಪಕರಣಗಳನ್ನು ಹಂಚಿಕೊಳ್ಳಲು 2020ರಲ್ಲಿ ಬಂದ ಐ-ಸ್ಟೆಮ್ ಜಾಲವೂ, ನಡೆಯುವ ಯಂತ್ರ ಇದ್ದಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ಕರಾವಳಿಗೆ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯ ಗಾಳಿಯ ತೇವಕ್ಕೆ ಮಸೂರಗಳಿಗೆ ಬೂಸರು ಹಿಡಿಯುತ್ತದೆ, ಉಪ್ಪುಗಾಳಿಗೆ ಸರ್ಕ್ಯೂಟ್ ಬೋರ್ಡು ಕಿಲುಬುಗಟ್ಟುತ್ತದೆ, ಗುಡುಗು ಮಿಂಚಿಗೆ ಕರೆಂಟು ಹೋಗಿ ಬಂದು ಮಾಡುತ್ತದೆ. ದೆಹಲಿಯಲ್ಲಿ ಕುಳಿತು ಬರೆದ ಉಪಕರಣಗಳ ಪಟ್ಟಿಗೆ ಮಂಗಳೂರಿನ ಮಳೆಗಾಲ ಗೊತ್ತಿರುವುದಿಲ್ಲ. ಕೇಂದ್ರದ ಯಂತ್ರವೊಂದು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೋ ಮತ್ತೊಂದು ಕಡೆಗೋ ಬರುವ ದಿನವೇ, ಹತ್ತು ವರ್ಷಕ್ಕೆ ಒಬ್ಬ ತಂತ್ರಜ್ಞನ ಹುದ್ದೆಯನ್ನೂ ಎಎಂಸಿಯ ಹಣವನ್ನೂ ರಾಜ್ಯ ಸರ್ಕಾರ ಬರೆದುಕೊಡುವಂತಾಗಬೇಕು. ಬರೆದುಕೊಡಲಾಗದಿದ್ದರೆ ಆ ಯಂತ್ರ ಬಾರದಿರುವುದೇ ಲೇಸೆಂದು ನಾನು ಹೇಳುತ್ತೇನೆ, ಗೆಳೆಯನಿಗೆ ಈ ಮಾತು ಹಿಡಿಸದಿದ್ದರೂ.

ಅವನು ಆ ಕೋಣೆಗೆ ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕೆಂದು ಕೇಳಿದ್ದನಂತೆ. ಅದು ವೈಜ್ಞಾನಿಕ ಉಪಕರಣವಲ್ಲ, ಗೃಹೋಪಯೋಗಿ ವಸ್ತು ಎಂಬ ಷರಾ ಹೊತ್ತು ಕಡತ ಹಿಂದಿರುಗಿತ್ತು.